ಹಿಮ, ಕಾಡು, ಉಪ್ಪು: ಸಿನಿಮಾ ಯುದ್ಧದಲ್ಲಿ ನೆಲಕ್ಕೇನು ಕೆಲಸ?

ಪ್ರಶ್ನೆ: ಮೇಡಂ, ನಾನು ಪತ್ರಿಕೋದ್ಯಮ ಓದುತ್ತಿರುವ ಕೊನೇ ವರ್ಷದ ವಿದ್ಯಾರ್ಥಿ. ವೈಜ್ಞಾನಿಕ ಕಥೆಯ ಸಿನಿಮಾಗಳಲ್ಲಿ ಬರುವ ಯುದ್ಧಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಒಂದು ಯುದ್ಧ ಹಿಮದಲ್ಲಿ ನಡೆಯುತ್ತದೆ, ಇನ್ನೊಂದು ಕಾಡಿನಲ್ಲಿ, ಮತ್ತೊಂದು ಮರಳಿನಲ್ಲಿ. ಹಿಮ ಅಂದರೆ ಸಾವು, ಕಾಡು ಅಂದರೆ ಜೀವ, ಮರುಭೂಮಿ ಅಂದರೆ ಒಂಟಿತನ ಅಂತ ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಇದು ಸರಿಯಾ? ಅಥವಾ ನಿರ್ದೇಶಕರು ಸುಮ್ನೆ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ ಜಾಗ ಆರಿಸುತ್ತಾರಾ? ಆ ಜಾಗಗಳು ಈಗಲೂ ಇವೆಯಾ?

ಉತ್ತರ: ನಿಮ್ಮ ಪಟ್ಟಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಪೂರ್ತಿ ತಪ್ಪು ಅಂತಲ್ಲ. ಆದರೆ ಅದನ್ನು ಕೈಯಲ್ಲಿ ಹಿಡಿದು ಸಿನಿಮಾ ನೋಡಲು ಕೂತರೆ ಪಟ್ಟಿಯೇ ಕಾಣುತ್ತದೆ, ಸಿನಿಮಾ ಕಾಣುವುದಿಲ್ಲ. ಹಿಮ ಅಂದರೆ ಸಾವು ಅಂದಿರಿ. ಸರಿ, ಯಾರ ಸಾವು? ‘ಸ್ಟಾರ್ ವಾರ್ಸ್’ ಸರಣಿಯ 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಸಿನಿಮಾದಲ್ಲಿ, ಸಾಮ್ರಾಜ್ಯದ ವಿರುದ್ಧ ಎದ್ದ ಬಂಡಾಯಗಾರರು ಹಾತ್ ಎಂಬ ಹಿಮದ ಗ್ರಹಕ್ಕೆ ಹೋಗಿದ್ದೇ ಬದುಕಿಕೊಳ್ಳಲಿಕ್ಕೆ. ಇಲ್ಲಿಗೆ ಯಾರೂ ಹುಡುಕಿಕೊಂಡು ಬರಲ್ಲ ಅನ್ನುವ ಧೈರ್ಯ. ಅದೇ ಹಿಮ ಕತೆ ಶುರುವಾದ ಸ್ವಲ್ಪ ಹೊತ್ತಿಗೇ ನಾಯಕನ ಜೀವ ತೆಗೆಯಲು ನೋಡುತ್ತದೆ. ಈಗ ಪಟ್ಟಿಯಲ್ಲಿ ಏನಂತ ಬರೆಯುತ್ತೀರಿ?

ನಾನು ಸಿನಿಮಾ ಪಾಠ ಮಾಡುವಾಗ ಹುಡುಗರಿಗೆ ಹೇಳುವುದು ಒಂದೇ ಮಾತು. ಯುದ್ಧದ ಸೀನ್ ಬಂದಾಗ ಮುಖ ನೋಡಬೇಡಿ, ಕಾಲು ನೋಡಿ. ಯಾರ ಕಾಲು ಹೂತುಹೋಗುತ್ತಿದೆ, ಯಾರದು ಜಾರುತ್ತಿದೆ, ಯಾರು ಅಲ್ಲೇ ಹುಟ್ಟಿ ಬೆಳೆದವರ ಹಾಗೆ ನಡೆಯುತ್ತಿದ್ದಾರೆ. ಸೋತವರನ್ನು ನಾವು ‘ನೆಲ ಕಚ್ಚಿದರು’ ಅನ್ನುತ್ತೇವೆ ಅಲ್ವಾ? ನೆಲಕ್ಕೂ ಸೋಲಿಗೂ ಇರುವ ನಂಟು ನಮ್ಮ ಮಾತಿನಲ್ಲೇ ಇದೆ. ಒಳ್ಳೆಯ ನಿರ್ದೇಶಕರಿಗೂ ಇದು ಗೊತ್ತು. ಹಿಮಕ್ಕೆ ತನ್ನಷ್ಟಕ್ಕೆ ಏನೂ ಅರ್ಥ ಇರುವುದಿಲ್ಲ. ಅದರ ಮೇಲೆ ಒಂದು ಕಾಲು ಬಿದ್ದಾಗ ಅರ್ಥ ಹುಟ್ಟುತ್ತದೆ.

ಹಾತ್ ಯುದ್ಧವನ್ನೇ ನೋಡಿ. ಬಂಡಾಯಗಾರರ ನೆಲೆಯ ಮೇಲೆ ಒಂದು ಅದೃಶ್ಯ ಗುರಾಣಿ ಇದೆ. ಆಕಾಶದಿಂದ ಬಾಂಬ್ ಹಾಕಿದರೆ ಏನೂ ಆಗಲ್ಲ. ಹಾಗಾಗಿ ಅಷ್ಟು ದೊಡ್ಡ ಸಾಮ್ರಾಜ್ಯದ ಸೈನ್ಯ ಕೆಳಗಿಳಿದು, ಹಿಮ ತುಳಿದುಕೊಂಡು ಬರಲೇಬೇಕು. ಕತೆ ಬರೆದವರು ಜಾಣತನದಿಂದ ಮಾಡಿದ ಕೆಲಸ ಇದು. ಅಂತರಿಕ್ಷದಲ್ಲಿ ಹಾರಾಡುವವರನ್ನು ಎಳೆದು ತಂದು ನೆಲದ ಮೇಲೆ ನಿಲ್ಲಿಸಿದರು. ಬರುವುದು ಏನು? ನಾಲ್ಕು ಕಾಲಿನ ದೈತ್ಯ ಯಂತ್ರಗಳು. ಅವುಗಳ ನಡಿಗೆಗಾಗಿ ತಂತ್ರಜ್ಞರು ಆನೆ ನಡೆಯುವುದನ್ನು ಕೂತು ಅಭ್ಯಾಸ ಮಾಡಿದ್ದರು. ಗುಂಡು ಹಾರಿಸಿದರೆ ಆ ಯಂತ್ರಕ್ಕೆ ಗೀರೂ ಬೀಳಲ್ಲ. ಕೊನೆಗೆ ಅದನ್ನು ಕೆಡವುವುದು ಹೇಗೆ? ಪುಟ್ಟ ವಿಮಾನವೊಂದು ಉದ್ದನೆಯ ಕೇಬಲ್ ಎಳೆದುಕೊಂಡು ಯಂತ್ರದ ಕಾಲಿನ ಸುತ್ತ ಗಿರಗಿರ ಸುತ್ತುತ್ತದೆ. ಕಾಲು ಕಟ್ಟಿಹಾಕಿದ ಮೇಲೆ ಯಂತ್ರ ಮುಗ್ಗರಿಸಿ ಮೂತಿ ಮುಂದಾಗಿ ಬೀಳುತ್ತದೆ. ಕಾಕನಕೋಟೆಯ ಖೆಡ್ಡಾದ ಕತೆ ಕೇಳಿ ಬೆಳೆದವರಿಗೆ ಈ ಸೀನ್ ನೋಡಿದಾಗ ಕಾಲಿಗೆ ಹಗ್ಗ ಬಿದ್ದ ಆನೆ ನೆನಪಾದರೆ ಆಶ್ಚರ್ಯವಿಲ್ಲ.

ಆ ಹಿಮದ ಅರ್ಧ ಭಾಗ ಹಿಮವೇ ಅಲ್ಲ, ಅಡುಗೆ ಸೋಡಾ! ಯಂತ್ರಗಳು ಮೇಜಿನ ಮೇಲೆ ನಿಲ್ಲುವಷ್ಟು ಚಿಕ್ಕ ಮಾದರಿಗಳು. ಫಿಲ್ ಟಿಪ್ಪೆಟ್, ಜಾನ್ ಬರ್ಗ್ ತಂಡದವರು ಅವನ್ನು ಒಂದೊಂದೇ ಫ್ರೇಮಿಗೆ ಚೂರು ಚೂರೇ ಸರಿಸಿ ಚಿತ್ರೀಕರಿಸಿದರು. ಸೋಡಾ ಜೊತೆ ಸಣ್ಣ ಗಾಜಿನ ಕಣಗಳನ್ನು ಸೇರಿಸಿ ಹಿಮದ ಬಯಲು ಹರಡಿದ್ದರು. ಅದರ ನಡುವೆ ಕೈ ಹಾಕಿದರೆ ಪುಡಿ ಕದಡುತ್ತದೆ, ಕೆಲಸ ಕೆಡುತ್ತದೆ. ಅದಕ್ಕೇ ಮೇಜಿನಲ್ಲಿ ಗುಪ್ತ ಬಾಗಿಲು ಮಾಡಿಕೊಂಡರು. ಕೆಳಗಿಂದ ತಲೆ ಎತ್ತುವುದು, ಯಂತ್ರದ ಕಾಲು ಒಂದಿಷ್ಟು ಮುಂದಕ್ಕೆ ಸರಿಸುವುದು, ಮತ್ತೆ ಒಳಗೆ ಹೋಗುವುದು. ಒಂದು ಸೆಕೆಂಡಿನ ನಡಿಗೆಗೆ 24 ಫ್ರೇಮ್. ಇಷ್ಟೆಲ್ಲ ಒದ್ದಾಟ ಯಾಕೆ ಅಂದರೆ, ಆ ಪಾದ ಊರಿದಾಗ ಭಾರ ನಮಗೆ ಗೊತ್ತಾಗಬೇಕು. ನಾಯಕ ಲ್ಯೂಕ್ ಕೆಟ್ಟು ನಿಂತ ತನ್ನ ಪುಟ್ಟ ವಿಮಾನದಿಂದ ಹೊರಗೆ ಹಾರಿದ ಮರುಕ್ಷಣ ಆ ಪಾದ ಬಂದು ವಿಮಾನವನ್ನು ಅಪ್ಪಚ್ಚಿ ಮಾಡುತ್ತದೆ. ಸಾಮ್ರಾಜ್ಯ ಅಂದರೆ ಏನು ಅಂತ ಆ ಒಂದು ಹೆಜ್ಜೆ ತೋರಿಸಿಬಿಡುತ್ತದೆ. ಅದಕ್ಕೆ ಭಾಷಣ ಬೇಕಿಲ್ಲ.

ನಮ್ಮ ಹಳೇ ಕವಿಗಳಿಗೂ ಇದು ತಿಳಿದಿತ್ತು. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿ ಕೂತಿರುತ್ತಾನೆ. ಭೀಮ ದಡದಲ್ಲಿ ನಿಂತು ಗರ್ಜಿಸುತ್ತಾನೆ. ದುರ್ಯೋಧನ ನೀರೊಳಗಿದ್ದೂ ಬೆವರುತ್ತಾನೆ. ಸರೋವರ ಯಾವುದರ ಸಂಕೇತ ಅಂತ ಇಲ್ಲಿ ಯಾರೂ ಕೇಳಲ್ಲ. ಅಷ್ಟು ತಣ್ಣೀರಿಗೂ ಅವನ ಒಳಗಿನ ಕುದಿ ಇಳಿಸಲು ಆಗಲಿಲ್ಲ ಅನ್ನುವುದು ಮೈಗೇ ತಟ್ಟುತ್ತದೆ. ನಿಮ್ಮ ಪ್ರಬಂಧದಲ್ಲಿ ಸಂಕೇತ ಅಂತ ಬರೆದಾಗೆಲ್ಲ ಈ ಬೆವರು ನೆನಪಿರಲಿ.

ಇನ್ನು ಕಾಡು. ಅದೇ ಸರಣಿಯ 1983ರ ‘ರಿಟರ್ನ್ ಆಫ್ ದಿ ಜೆಡೈ’ ಸಿನಿಮಾದ ಎಂಡೋರ್ ಯುದ್ಧವನ್ನು ಜನ ತಮಾಷೆ ಮಾಡುತ್ತಾರೆ. ಕರಡಿ ಮರಿಗಳಂಥ ಈವಾಕ್‌ಗಳು ಕಲ್ಲು, ಕೋಲು ಹಿಡಿದು ಸಾಮ್ರಾಜ್ಯದ ಸೈನ್ಯವನ್ನು ಸೋಲಿಸುವುದು ನಂಬೋಕಾಗಲ್ಲ ಅಂತ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಈ ಯುದ್ಧದ ಬೇರು ವಿಯೆಟ್ನಾಂನಲ್ಲಿದೆ. ಈವಾಕ್‌ಗಳ ಹಿಂದೆ, ಅಲ್ಲಿ ಅಮೆರಿಕದ ಸೈನ್ಯದ ವಿರುದ್ಧ ಹೋರಾಡಿದ ವಿಯೆಟ್‌ಕಾಂಗ್ ಹೋರಾಟಗಾರರ ನೆನಪಿದೆ ಅಂತ ‘ಸ್ಟಾರ್ ವಾರ್ಸ್’ ಸೃಷ್ಟಿಸಿದ ಜಾರ್ಜ್ ಲ್ಯೂಕಾಸ್ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ದೊಡ್ಡ ಶಸ್ತ್ರ ಇರುವವರು ದೂರದಿಂದ ಬಂದವರು. ಚಿಕ್ಕ ಶಸ್ತ್ರ ಇರುವವರಿಗೆ ಪ್ರತಿ ಮರ, ಪ್ರತಿ ದಿಣ್ಣೆ ಗೊತ್ತು.

ಅಲ್ಲೂ ಕಾಲು ನೋಡಿ. ಕೋಳಿಯ ಹಾಗೆ ಎರಡು ಕಾಲಿನ ಮೇಲೆ ನಡೆಯುವ ಯಂತ್ರವೊಂದು ಬರುತ್ತದೆ. ಈವಾಕ್‌ಗಳು ಅದಕ್ಕೆ ಗುರಿಯಿಟ್ಟು ಏನನ್ನೂ ಹೊಡೆಯಲ್ಲ. ಗುಡ್ಡದ ಮೇಲೆ ಪೇರಿಸಿಟ್ಟ ಮರದ ದಿಮ್ಮಿಗಳ ಹಗ್ಗ ಕತ್ತರಿಸುತ್ತಾರೆ, ಅಷ್ಟೇ. ದಿಮ್ಮಿಗಳು ಉರುಳಿ ಬಂದು ಯಂತ್ರದ ಪಾದದ ಕೆಳಗೆ ಸೇರುತ್ತವೆ. ಅದು ಸೋಪಿನ ನೀರಿನ ಮೇಲೆ ಕಾಲಿಟ್ಟವರ ಹಾಗೆ ತಡಬಡಾಯಿಸಿ ಬೀಳುತ್ತದೆ. ಇನ್ನೊಂದು ಯಂತ್ರದ ತಲೆಯನ್ನು ಎರಡು ಕಡೆಯಿಂದ ತೂಗಿ ಬಂದ ದಿಮ್ಮಿಗಳು ಜಜ್ಜಿಹಾಕುತ್ತವೆ. ಕಾಡು ಅಂದರೆ ಜೀವ ಅಂತ ಬರೆದಿದ್ದೀರಲ್ಲ, ಈ ಸೀನಿನಲ್ಲಿ ಕಾಡು ಅಂದರೆ ಆಯುಧಗಳ ಉಗ್ರಾಣ. ಬೀಗದ ಕೈ ಮಾತ್ರ ಅಲ್ಲಿಯವರ ಹತ್ತಿರ ಇದೆ.

ಇದರ ಪಕ್ಕದಲ್ಲಿ 2009ರ ‘ಅವತಾರ್’ ಇಟ್ಟು ನೋಡಿ. ಅಲ್ಲಿಯೂ ಕಾಡಿನವರು ಮತ್ತು ಯಂತ್ರದವರು. ನೋಡಲು ಅದ್ಭುತ, ಬೇಡ ಅನ್ನಲ್ಲ. ಆದರೆ ಕೊನೆಯ ಯುದ್ಧದಲ್ಲಿ ಕಾಡಿನವರು ಸೋಲುತ್ತಿದ್ದಾರೆ ಅನ್ನುವಾಗ ಕಾಡೇ ಎದ್ದು ಬರುತ್ತದೆ. ಪ್ರಾಣಿಗಳೆಲ್ಲ ಒಟ್ಟಾಗಿ ನುಗ್ಗುತ್ತವೆ. ಪ್ರಕೃತಿ ತಾನೇ ಕೈ ಎತ್ತಿ ಹೊಡೆದುಬಿಟ್ಟರೆ ಸಂಕೇತ ಮುಗಿದುಹೋಯಿತು, ಇನ್ನುಳಿದದ್ದು ಪವಾಡ. ಅದೇ ಸಿನಿಮಾದಲ್ಲಿ ಅವರ ಮನೆಯಾಗಿದ್ದ ಮಹಾವೃಕ್ಷವನ್ನು ಉರುಳಿಸುವ ಭಾಗ ನನಗೆ ಎಷ್ಟೋ ಜಾಸ್ತಿ ತಟ್ಟುತ್ತದೆ. ಅಲ್ಲಿ ಯಾರೂ ಅವರ ಸಹಾಯಕ್ಕೆ ಬರಲ್ಲ. ಮರ ಬೀಳುತ್ತದೆ, ಬೂದಿ ಉದುರುತ್ತದೆ, ಜನ ಓಡುತ್ತಾರೆ.

ಈಗ ನನ್ನ ಮೆಚ್ಚಿನದು. ‘ಸ್ಟಾರ್ ವಾರ್ಸ್’ ಸರಣಿಯದೇ ಆದ 2017ರ ‘ದಿ ಲಾಸ್ಟ್ ಜೆಡೈ’ ಸಿನಿಮಾದ ಕೊನೆಯ ಯುದ್ಧ, ಕ್ರೇಟ್ ಎಂಬ ಗ್ರಹದಲ್ಲಿ. ಮೊದಲ ನೋಟಕ್ಕೆ ಬೆಳ್ಳನೆಯ ಬಯಲು, ಕಂದಕದಲ್ಲಿ ಸೈನಿಕರು, ದೂರದಲ್ಲಿ ನಡೆದು ಬರುವ ಯಂತ್ರಗಳು. ಹಾತ್ ಮತ್ತೆ ಬಂತು ಅಂದುಕೊಳ್ಳುತ್ತೇವೆ. ಅಷ್ಟರಲ್ಲಿ ಒಬ್ಬ ಸೈನಿಕ ನೆಲ ಮುಟ್ಟಿದ ಬೆರಳನ್ನು ಬಾಯಿಗಿಟ್ಟು ನೋಡಿ, ಉಪ್ಪು ಅನ್ನುತ್ತಾನೆ. ಹಿಮ ಕರಗಿದರೆ ಹೆಜ್ಜೆ ಗುರುತೂ ಹೋಗುತ್ತದೆ. ಉಪ್ಪು ಹಾಗಲ್ಲ. ಉಪ್ಪಿನ ಋಣದ ಬಗ್ಗೆ ನಮ್ಮಲ್ಲಿ ಎಷ್ಟು ಗಾದೆ ಇವೆ ಅಂತ ಪಾಪ ಆ ನಿರ್ದೇಶಕರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುವ ನಾವು ಆ ಬಯಲನ್ನು ಲೆಕ್ಕ ತೀರಿಸುವ ಜಾಗ ಅಂತ ಓದಿಕೊಂಡರೆ ತಪ್ಪೇನಿಲ್ಲ.

ಬಿಳಿ ಉಪ್ಪು ಬರೀ ಮೇಲ್ಪದರ. ಕೆರೆದರೆ ಕೆಳಗೆ ಕಡುಗೆಂಪು. ಬಂಡಾಯಗಾರರಿಗೆ ಸಿಗುವುದು ಎಂದೋ ಬಿಟ್ಟುಹೋದ ತುಕ್ಕು ಹಿಡಿದ ವಾಹನಗಳು. ಒಬ್ಬ ಪೈಲಟ್ ಕಾಲಿಟ್ಟ ಕಡೆ ವಾಹನದ ತಳವೇ ಕಿತ್ತು ಕಾಲು ಹೊರಗೆ ಹೋಗುತ್ತದೆ! ಆ ವಾಹನಗಳಿಗೆ ಕೆಳಗೊಂದು ಒಂಟಿ ಕಾಲಿದೆ. ಅದು ಉಪ್ಪನ್ನು ಗೀರಿಕೊಂಡು ಹೋದಾಗ ಹಿಂದೆ ಕೆಂಪು ಧೂಳು ಬಾಲದ ಹಾಗೆ ಏಳುತ್ತದೆ. ಮೇಲಿನಿಂದ ನೋಡಿದರೆ ಬಿಳಿ ಚರ್ಮದ ಮೇಲೆ ಬ್ಲೇಡು ಎಳೆದ ಹಾಗೆ. ಯಾರೂ ಸತ್ತಿಲ್ಲ, ಒಂದು ತೊಟ್ಟು ರಕ್ತ ತೋರಿಸಿಲ್ಲ, ನೆಲ ಆಗಲೇ ರಕ್ತಸಿಕ್ತ. ಮಕ್ಕಳೂ ನೋಡುವ ಸಿನಿಮಾದಲ್ಲಿ ಯುದ್ಧದ ರಕ್ತ ತೋರಿಸಲು ಕಂಡುಕೊಂಡ ದಾರಿ ಅಂತಲೂ ಇದನ್ನು ಓದಬಹುದು.

ಆಮೇಲೆ ಲ್ಯೂಕ್ ಒಬ್ಬನೇ ನಡೆದು ಬರುತ್ತಾನೆ. ಎಲ್ಲ ಯಂತ್ರಗಳೂ ಅವನೊಬ್ಬನ ಮೇಲೆ ಗುಂಡಿನ ಮಳೆ ಸುರಿಸುತ್ತವೆ. ಹೊಗೆ ಇಳಿದಾಗ ಸುತ್ತ ನೆಲವೆಲ್ಲ ಕೆಂಪು, ಅವನು ಹೆಗಲ ಮೇಲಿನ ಧೂಳು ಕೊಡವಿದ ಹಾಗೆ ಮಾಡಿ ನಿಲ್ಲುತ್ತಾನೆ. ಶತ್ರುಗಳ ಕಡೆಯಿಂದ ಅವನ ಅವಳಿ ತಂಗಿಯ ಮಗ ಕೈಲೋ ಎದುರಿಗೆ ಬರುತ್ತಾನೆ. ಇಬ್ಬರೂ ಕತ್ತಿ ಹಿಡಿದು ನಿಂತಾಗ ಮತ್ತೆ ಕಾಲು ನೋಡಿ. ಕೈಲೋ ಕಾಲು ಸರಿಸಿದಲ್ಲೆಲ್ಲ ಉಪ್ಪು ಕಿತ್ತು ಕೆಂಪು ಗೀರು ಬೀಳುತ್ತದೆ. ಲ್ಯೂಕ್ ಕಾಲು ಸರಿಸಿದಲ್ಲಿ ಏನೂ ಆಗಲ್ಲ. ನೆಲ ಇದ್ದ ಹಾಗೇ ಇದೆ. ಯಾಕೆಂದರೆ ಅವನು ಅಲ್ಲಿ ಇಲ್ಲವೇ ಇಲ್ಲ! ಎಲ್ಲೋ ದೂರದ ದ್ವೀಪದಲ್ಲಿ ಕೂತು ತನ್ನ ರೂಪವನ್ನಷ್ಟೇ ಕಳಿಸಿದ್ದಾನೆ. ಈ ಗುಟ್ಟು ಆಮೇಲೆ ಬಯಲಾಗುತ್ತದೆ, ಆದರೆ ನೆಲ ನಮಗೆ ಮೊದಲೇ ಹೇಳಿತ್ತು. ಈ ಭಾಗವನ್ನು ತರಗತಿಯಲ್ಲಿ ಹಾಕಿದಾಗ ಎಲ್ಲರೂ ಕತ್ತಿಗಳನ್ನೇ ನೋಡುತ್ತಾರೆ. ಎರಡನೇ ಸಲ ನಿಧಾನಕ್ಕೆ ಹಾಕಿದಾಗ ಹಿಂದಿನ ಬೆಂಚಿನಿಂದ ಒಂದು ‘ಅಯ್ಯೋ’ ಬರುತ್ತದೆ. ಆ ಅಯ್ಯೋ ಕೇಳಲಿಕ್ಕಾಗಿಯೇ ನಾನು ಪ್ರತಿ ವರ್ಷ ಹಾಕುತ್ತೇನೆ.

ಇನ್ನೊಂದು ಚಿಕ್ಕ ಸಂಗತಿ. ಗುಹೆಯಲ್ಲಿ ಸಿಕ್ಕಿಕೊಂಡವರಿಗೆ ಹೊರಗೆ ಹೋಗುವ ದಾರಿ ತೋರಿಸುವುದು ನಕ್ಷೆ ಅಲ್ಲ, ಯಂತ್ರ ಅಲ್ಲ. ಅಲ್ಲಿಯ ಹರಳು ಮೈಯ ನರಿಗಳು. ಅವು ಹೋದ ಕಡೆ ಇವರು ಹೋಗುತ್ತಾರೆ.

ಕಡಲತೀರದ ಯುದ್ಧಕ್ಕೆ 2016ರ ‘ರೋಗ್ ಒನ್’ ನೋಡಿ. ಸ್ಕಾರಿಫ್ ಎಂಬ ಗ್ರಹ. ತಿಳಿನೀರು, ತೆಂಗಿನಂಥ ಮರ, ಪ್ರವಾಸದ ಕ್ಯಾಲೆಂಡರಿನ ಚಿತ್ರದ ಹಾಗಿದೆ. ಅಂಥ ಜಾಗದಲ್ಲಿ ಜನ ಪಾದ ಮುಳುಗುವ ನೀರಿನಲ್ಲಿ ಓಡುತ್ತ ಗುಂಡು ತಿಂದು ಬೀಳುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ನಡೆದ ಕಾಳಗದ ಛಾಯೆ ಅದರಲ್ಲಿ ಎದ್ದು ಕಾಣುತ್ತದೆ. ತೀರ ಅಂದರೆ ಓಡಲು ನೆಲ ಮುಗಿದ ಜಾಗ. ಹಾಗಾಗಿ ಕೊನೆಯಲ್ಲಿ ಬದುಕಿದ ಇಬ್ಬರು ನೀರಂಚಿನಲ್ಲಿ ಮಂಡಿಯೂರಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕೂರುವುದು ಸರಿಯಾಗಿದೆ. ದಿಗಂತದಿಂದ ಬೆಳಕಿನ ಗೋಡೆ ಎದ್ದು ಬರುತ್ತದೆ. ಈ ಯುದ್ಧದ ಸ್ವಲ್ಪ ಭಾಗ ಚಿತ್ರೀಕರಿಸಿದ್ದು ಮಾಲ್ಡೀವ್ಸ್‌ನ ಲಾಮು ಹವಳದ ದ್ವೀಪಗಳಲ್ಲಿ. ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಮಾತ್ರ ಎತ್ತರವಿರುವ ದೇಶ ಅದು. ದಿಗಂತದಿಂದ ಬರುವ ಗೋಡೆ ಅಂದರೆ ಅಲ್ಲಿಯವರಿಗೆ ಬೇರೇನೇ ನೆನಪಾಗಬಹುದು.

ಮರುಭೂಮಿ ಅಂದರೆ ಒಂಟಿತನ ಅಂತ ಬರೆದಿದ್ದೀರಿ. ‘ಡ್ಯೂನ್’ ಸಿನಿಮಾ ಇದನ್ನು ಪೂರ್ತಿ ತಲೆಕೆಳಗು ಮಾಡುತ್ತದೆ. ಅಲ್ಲಿ ಮರಳಿನ ಕೆಳಗೆ ದೈತ್ಯ ಹುಳುಗಳಿವೆ. ಒಂದೇ ತಾಳದಲ್ಲಿ ನಡೆದರೆ ಸದ್ದು ಕೇಳಿ ಬಂದುಬಿಡುತ್ತವೆ. ಅದಕ್ಕೆ ಅಲ್ಲಿಯ ಫ್ರೆಮೆನ್ ಜನ ತಾಳ ತಪ್ಪಿಸಿ ನಡೆಯುತ್ತಾರೆ. ಒಂದು ಹೆಜ್ಜೆ, ಒಂದು ಎಳೆತ, ನಿಲ್ಲು, ಮತ್ತೆ ಎರಡು ಹೆಜ್ಜೆ. ಕವಾಯತು ಕಲಿತ ಸೈನಿಕನಿಗೆ ಇದು ಬರಲ್ಲ. ಅವನ ಶಿಸ್ತೇ ಅವನಿಗೆ ಮುಳುವು. 2024ರ ಎರಡನೇ ಭಾಗ ಶುರುವಾಗುವುದೇ ಹೀಗೆ. ಆ ಗ್ರಹವನ್ನು ಆಳುವ ಹಾರ್ಕೊನೆನ್ ವಂಶದ ಸೈನಿಕರು ಹುಳುವಿಗೆ ಹೆದರಿ ಮರಳು ಬಿಟ್ಟು ಎತ್ತರದ ಬಂಡೆಯ ಮೇಲಕ್ಕೆ ತೇಲಿ ಹೋಗುತ್ತಾರೆ. ಕಾಲಿಡಲೂ ಭಯ ಆಗುವ ನೆಲವನ್ನು ಆಳಲು ಬಂದವರು! ಸುತ್ತ ಗ್ರಹಣದ ಕಿತ್ತಳೆ ಬೆಳಕು. ಫ್ರೆಮೆನ್ ಮಾತ್ರ ಮರಳಿನೊಳಗೇ ಅಡಗಿರುತ್ತಾರೆ.

ಈ ಕತೆ ಹುಟ್ಟಿದ್ದಕ್ಕೆ ಕಾರಣವೂ ಮರಳೇ. ಕಾದಂಬರಿಕಾರ ಫ್ರಾಂಕ್ ಹರ್ಬರ್ಟ್ 1957ರಲ್ಲಿ ಅಮೆರಿಕದ ಓರೆಗಾನ್ ರಾಜ್ಯದ ಫ್ಲಾರೆನ್ಸ್ ಎಂಬ ಊರಿಗೆ ಹೋಗಿದ್ದರು. ಅಲ್ಲಿ ಗಾಳಿಗೆ ಚಲಿಸುವ ಮರಳುದಿಬ್ಬಗಳನ್ನು ತಡೆಯಲು ಕೃಷಿ ಇಲಾಖೆಯವರು ಹುಲ್ಲು ನೆಡುತ್ತಿದ್ದರು. ಅದರ ಬಗ್ಗೆ ಲೇಖನ ಬರೆಯಲು ಹೋದವರಿಗೆ ಕಾದಂಬರಿಯೇ ಸಿಕ್ಕಿತು. 1965ರಲ್ಲಿ ಪುಸ್ತಕ ಬಂತು. ಹಾಗಾಗಿ ಈ ಕತೆಯ ಮರುಭೂಮಿ ಖಾಲಿ ಜಾಗವಲ್ಲ. ಅದು ಮನೆ. ಮುಂದೊಂದು ದಿನ ಹಸಿರು ಮಾಡಬೇಕು ಅಂತ ಜನ ಕನಸು ಕಟ್ಟಿಕೊಂಡ ಮನೆ. ಕೊನೆಯ ಯುದ್ಧದಲ್ಲಿ ನಾಯಕ ಪೌಲ್ ಏನು ಮಾಡುತ್ತಾನೆ ಗಮನಿಸಿ. ನಗರಕ್ಕೆ ಅಡ್ಡವಾಗಿದ್ದ ಬೆಟ್ಟವನ್ನು ಅಣುಬಾಂಬ್ ಹಾಕಿ ಒಡೆಯುತ್ತಾನೆ. ಬಿರುಗಾಳಿಯೂ ಹುಳುಗಳೂ ಒಳಗೆ ನುಗ್ಗುತ್ತವೆ. ಜನ ಚಪ್ಪಾಳೆ ಹೊಡೆಯುವ ಸೀನ್. ನನಗೆ ಅಲ್ಲಿ ಹೊಟ್ಟೆ ತೊಳಸುತ್ತದೆ. ಅದುವರೆಗೂ ನೆಲದ ಮಾತು ಕೇಳಿ ಹೆಜ್ಜೆ ಇಡಲು ಕಲಿತವನು ಅವತ್ತು ನೆಲವನ್ನೇ ಸಿಡಿಸಿದ. ಅವನು ಯಾರಾಗಿಬಿಟ್ಟ ಅನ್ನುವುದಕ್ಕೆ ಒಡೆದ ಆ ಬೆಟ್ಟಕ್ಕಿಂತ ದೊಡ್ಡ ಸಾಕ್ಷಿ ಬೇಡ.

ನೆಲ ಏನೂ ಮಾಡದೆ ಸುಮ್ಮನೆ ಇದ್ದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಕೊಡಬೇಕು. 1999ರ ‘ದಿ ಫ್ಯಾಂಟಮ್ ಮೆನೇಸ್’ ಸಿನಿಮಾದಲ್ಲಿ ಹುಲ್ಲುಗಾವಲಿನ ಮೇಲೆ ದೊಡ್ಡ ಯುದ್ಧ ಇದೆ. ಹಳೇ ಕಂಪ್ಯೂಟರಿನ ಹಸಿರು ಗುಡ್ಡದ ವಾಲ್‌ಪೇಪರ್ ನೆನಪಿದೆಯಲ್ಲ, ಹಾಗೇ ಕಾಣುತ್ತದೆ. ಸಾವಿರಾರು ಯಂತ್ರಗಳು ತುಳಿದರೂ ಆ ಹುಲ್ಲು ನಲುಗಿದ ಹಾಗೆ ಅನ್ನಿಸಲ್ಲ. ಅದಕ್ಕೇ ಆ ಯುದ್ಧಕ್ಕೆ ತೂಕ ಇಲ್ಲ. ಒಂದೇ ಒಂದು ಕಡೆ ಜೀವ ಬರುತ್ತದೆ. ಜಾರ್ ಜಾರ್ ಎಂಬ ಪೆದ್ದು ಪಾತ್ರ ಎಡವಟ್ಟು ಮಾಡಿ ಗಾಡಿಯ ಕೀಲು ಬಿಚ್ಚಿದಾಗ ಅದರಲ್ಲಿದ್ದ ಸಿಡಿಗುಂಡುಗಳೆಲ್ಲ ಇಳಿಜಾರಿನಲ್ಲಿ ಉರುಳಿ ಶತ್ರುಗಳ ಕಾಲಿಗೆ ಬೀಳುತ್ತವೆ. ಆ ಕೆಲವು ಸೆಕೆಂಡು ಮಾತ್ರ ಗುಡ್ಡ ಗುಡ್ಡವಾಗಿರುತ್ತದೆ.

ಇನ್ನು ಬೇಕೆಂದೇ ಆರಿಸುತ್ತಾರಾ ಅನ್ನುವ ಪ್ರಶ್ನೆ. ಅರ್ಧ ಹೌದು, ಅರ್ಧ ಹವಾಮಾನದ ಕೃಪೆ. ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಮಾಡುವಾಗ ಜಾರ್ಜ್ ಮಿಲ್ಲರ್ ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಸುತ್ತಿನ ಒಣ ನೆಲ ಗೊತ್ತು ಮಾಡಿಕೊಂಡಿದ್ದರು. ಜೋರು ಮಳೆ ಬಂತು. ಪ್ರಳಯದ ನಂತರದ ಮರುಭೂಮಿ ಬೇಕಿದ್ದ ಕಡೆ ಬಣ್ಣಬಣ್ಣದ ಹೂವು ಅರಳಿ ಕೂತವು! ಇಡೀ ತಂಡ ಆಫ್ರಿಕಾದ ನಮೀಬಿಯಾಕ್ಕೆ ಹೋಗಬೇಕಾಯಿತು. ಹಾತ್ ಕತೆಯೂ ಅಂಥದ್ದೇ. 1979ರ ಮಾರ್ಚ್‌ನಲ್ಲಿ ನಾರ್ವೆಯ ಫಿನ್ಸೆ ಎಂಬಲ್ಲಿ ಶೂಟಿಂಗ್. 1,222 ಮೀಟರ್ ಎತ್ತರದ ರೈಲು ನಿಲ್ದಾಣ, ರಸ್ತೆ ಸಂಪರ್ಕ ಇಲ್ಲ. ಹೊರಗೆ ಕಾಲಿಡಲಾಗದಂಥ ಹಿಮಪಾತ. ಕೆಲಸ ನಿಲ್ಲಿಸುವ ಹಾಗಿಲ್ಲ. ಕ್ಯಾಮೆರಾವನ್ನು ಹೋಟೆಲಿನ ಬಾಗಿಲಲ್ಲೇ ಇಟ್ಟು, ಪಾಪ ನಟ ಮಾರ್ಕ್ ಹ್ಯಾಮಿಲ್‌ರನ್ನು ಹೊರಗೆ ಓಡಿಸಿದರು. ದಿಕ್ಕಿಲ್ಲದ ಬಿಳುಪಿನಲ್ಲಿ ಒಬ್ಬಂಟಿ ಲ್ಯೂಕ್ ತಡವರಿಸುವ ಆ ಶಾಟ್ ತೆಗೆದದ್ದು ಹೋಟೆಲಿನ ಹೊಸ್ತಿಲಿನಿಂದ. ನಿಮ್ಮ ಪ್ರಬಂಧದಲ್ಲಿ ನಿರ್ದೇಶಕರ ಉದ್ದೇಶ ಅಂತ ಬರೆಯುವ ಮೊದಲು ಇದನ್ನು ಯೋಚಿಸಿ. ಉದ್ದೇಶ ಎಷ್ಟಿತ್ತೋ, ಸಿಕ್ಕಿದ್ದನ್ನು ಬಳಸಿಕೊಳ್ಳುವ ಜಾಣತನವೂ ಅಷ್ಟೇ ಇತ್ತು.

ಜಾಗಗಳು ಈಗಲೂ ಇವೆಯಾ ಅಂತ ಕೇಳಿದ್ದೀರಿ. ಫಿನ್ಸೆಗೆ ಈಗಲೂ ರೈಲಿನಲ್ಲಿ ಹೋಗಬಹುದು. ಕ್ರೇಟ್‌ನ ಬಿಳಿ ಬಯಲು ಬೊಲಿವಿಯಾದ ಸಲಾರ್ ದೆ ಉಯುನಿ. 3,600 ಮೀಟರಿಗೂ ಎತ್ತರದಲ್ಲಿ, 10,000 ಚದರ ಕಿಲೋಮೀಟರಿಗೂ ಜಾಸ್ತಿ ಹರಡಿರುವ, ಜಗತ್ತಿನ ಅತಿ ದೊಡ್ಡ ಉಪ್ಪಿನ ಬಯಲು ಅದು. ಕೆಂಪು ಬಣ್ಣ ಸಿನಿಮಾದವರದ್ದು. ನಿಜವಾದ ಉಪ್ಪಿನ ಕೆಳಗಿರುವುದು ಲಿಥಿಯಂ ತುಂಬಿದ ಉಪ್ಪುನೀರು. ಬ್ಯಾಟರಿಗಳಿಗಾಗಿ ಜಗತ್ತಿನ ಕಣ್ಣು ಈಗ ಅದರ ಮೇಲೆ ಬಿದ್ದಿದೆ. ಡ್ಯೂನ್‌ನ ಬಂಡೆಗಳು ಜೋರ್ಡಾನಿನ ವಾದಿ ರಮ್‌ನಲ್ಲಿವೆ.

ಎಂಡೋರ್ ಕಾಡಿನದ್ದು ಬೇರೆ ಕತೆ. ಅದನ್ನು ಕ್ಯಾಲಿಫೋರ್ನಿಯಾದ ಉತ್ತರ ತುದಿಯ ರೆಡ್‌ವುಡ್ ಕಾಡುಗಳಲ್ಲಿ ತೆಗೆದರು. 100 ಮೀಟರ್ ದಾಟಿ ಬೆಳೆಯುವ ಮರಗಳು ಅವು. ಮರಗಳ ನಡುವೆ ಬೈಕಿನಂಥ ವಾಹನಗಳು ಶರವೇಗದಲ್ಲಿ ಹೋಗುವ ಭಾಗ ನೆನಪಿದೆಯಾ? ಅದನ್ನು ತೆಗೆದದ್ದು ಕಾಲ್ನಡಿಗೆಯಲ್ಲಿ. ನಡೆಯುವಾಗ ಕ್ಯಾಮೆರಾ ಅಲುಗಾಡದಂತೆ ಹಿಡಿಯುವ ಸ್ಟೆಡಿಕ್ಯಾಮ್ ಸಾಧನ ಕಂಡುಹಿಡಿದ ಗ್ಯಾರೆಟ್ ಬ್ರೌನ್ ಸ್ವತಃ ಕ್ಯಾಮೆರಾ ಕಟ್ಟಿಕೊಂಡು, ಸೆಕೆಂಡಿಗೆ ಒಂದು ಫ್ರೇಮಿಗೂ ಕಡಿಮೆ ಇಟ್ಟು, ಕಾಡಿನ ದಾರಿಯಲ್ಲಿ ಸಲೀಸಾಗಿ ನಡೆದರು. ಮಾಮೂಲಿ ವೇಗದಲ್ಲಿ ಓಡಿಸಿದಾಗ ಮರಗಳು ಎದೆಗೆ ಬಂದು ಅಪ್ಪಳಿಸುವ ಹಾಗೆ ಕಂಡವು. ಆ ಚೀತಮ್ ಗ್ರೋವ್ ಎಂಬ ತೋಪು ಸಂರಕ್ಷಿತ ಜಾಗ. ಇವತ್ತಿಗೂ ಹೋಗಿ ಅದೇ ದಾರಿಯಲ್ಲಿ ನಡೆದು ಬರಬಹುದು. ಈವಾಕ್‌ಗಳು ದಿಮ್ಮಿ ಉರುಳಿಸಿ ಗೆದ್ದ ಕಾಡು ಮಾತ್ರ ಸ್ಮಿತ್ ರಿವರ್ ಹತ್ತಿರ, ಮರದ ವ್ಯಾಪಾರದ ಖಾಸಗಿ ಕಂಪನಿಯೊಂದರ ಜಮೀನಿನಲ್ಲಿತ್ತು. ಶೂಟಿಂಗ್ ಮುಗಿದ ಮೇಲೆ ಆ ಮರಗಳನ್ನು ಕಡಿದು ಸಾಗಿಸಿದರು.